ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಒಂಬತ್ತು ಗಂಟೆ: ಊರು ನೋಡಲೇ, ಕುರ್ಚಿಯಲ್ಲೇ ಕೂರಲೇ?

ಪ್ರಶ್ನೆ: ನನಗೆ 61 ವರ್ಷ. ದಾವಣಗೆರೆಯ ಪ್ರೌಢಶಾಲೆಯೊಂದರಲ್ಲಿ ಚಿತ್ರಕಲಾ ಶಿಕ್ಷಕಿಯಾಗಿದ್ದು ನಿವೃತ್ತಳಾದೆ. ನವೆಂಬರ್ ಎರಡನೇ ವಾರ ಬಾಸ್ಟನ್‌ನಲ್ಲಿರುವ ಮಗಳ ಮನೆಗೆ ಒಬ್ಬಳೇ ಹೊರಡಬೇಕು, ಏಪ್ರಿಲ್ ಮೂರನೇ ವಾರ ವಾಪಸು. ಮಗಳು ನೋಡಿಟ್ಟಿರುವ ಟಿಕೆಟ್ ಬೆಂಗಳೂರಿನಿಂದ ಆಮ್‌ಸ್ಟರ್‌ಡ್ಯಾಮ್ ಮೂಲಕ. ಹೋಗುವಾಗ ಅಲ್ಲಿ ಬೆಳಿಗ್ಗೆ 8ಕ್ಕೆ ಇಳಿದರೆ ಮುಂದಿನ ವಿಮಾನ ಸಂಜೆ 5ಕ್ಕೆ. ಬರುವಾಗ ನಾಲ್ಕೇ ಗಂಟೆಯ ಅಂತರ. ಮೂವತ್ತು ವರ್ಷ ಮಕ್ಕಳಿಗೆ ಡಚ್ ಚಿತ್ರಕಾರ ರೆಂಬ್ರಾಂಟನ ನೆರಳು ಬೆಳಕನ್ನು ಪುಸ್ತಕದ ಚಿತ್ರ ತೋರಿಸಿ ಪಾಠ ಮಾಡಿದವಳಿಗೆ, ಅವನ ಊರಿನಲ್ಲೇ ಒಂಬತ್ತು ಗಂಟೆ ಇದ್ದು ಅವನನ್ನು ನೋಡದೆ ಹೋಗುವುದೇ ಎನಿಸುತ್ತಿದೆ. ಅಳಿಯ ‘ಅಮೆರಿಕದ ವೀಸಾ ಇದೆಯಲ್ಲ, ಹೊರಗೆ ಬಿಡುತ್ತಾರೆ’ ಎನ್ನುತ್ತಾರೆ. ನಮ್ಮ ಭಾವನವರು ‘ಆ ಊರು ಹೆಂಗಸರು ಒಬ್ಬರೇ ಓಡಾಡುವಂಥದ್ದಲ್ಲ’ ಎಂದು ಹೆದರಿಸುತ್ತಾರೆ. ಮೊಣಕಾಲು ನೋವಿದೆ ಎಂದು ಮಗಳು ಗಾಲಿಕುರ್ಚಿ ಹೇಳಿಡುತ್ತಾಳಂತೆ. ಸಸ್ಯಾಹಾರಿ. ಟಿಕೆಟ್ ಇನ್ನೂ ಕೊಂಡಿಲ್ಲ. ಏನು ಮಾಡಲಿ? ಸ್ಕೆಚ್ ಪುಸ್ತಕ ಒಯ್ಯಬಹುದೇ?

ಉತ್ತರ: ಟಿಕೆಟ್ ಇನ್ನೂ ಕೊಂಡಿಲ್ಲ ಎಂಬ ಸಾಲನ್ನು ನೀವು ಕೊನೆಯಲ್ಲಿ ಬರೆದಿದ್ದೀರಿ. ನನ್ನ ಮಟ್ಟಿಗೆ ಪತ್ರದಲ್ಲಿ ಮೊದಲು ಓದಬೇಕಾದದ್ದು ಅದೇ. ಇಪ್ಪತ್ತಾರು ವರ್ಷ ಟಿಕೆಟ್, ವೀಸಾಗಳ ಮೇಜಿನ ಮುಂದೆ ಕುಳಿತವನಿಗೆ ಗೊತ್ತಿರುವ ಸಂಗತಿ ಇದು: ಜನ ನಮ್ಮ ಬಳಿ ಬರುವುದು ಟಿಕೆಟ್ ಕೊಂಡ ಮೇಲೆ. ಆಗ ನಾವು ಹೇಳುವುದಕ್ಕೆ ಹೆಚ್ಚೇನೂ ಉಳಿದಿರುವುದಿಲ್ಲ. ನಿಮ್ಮ ವಿಷಯದಲ್ಲಿ ಇನ್ನೂ ಉಳಿದಿದೆ.

ಮೊದಲು ಅಳಿಯಂದಿರ ಮಾತು. ಅದು ತಪ್ಪು. ಅಮೆರಿಕದ ವೀಸಾ ಅಮೆರಿಕಕ್ಕೆ ಮಾತ್ರ. ಆಮ್‌ಸ್ಟರ್‌ಡ್ಯಾಮ್ ಇರುವ ನೆದರ್‌ಲ್ಯಾಂಡ್ಸ್ ಶೆಂಗೆನ್ ಒಕ್ಕೂಟದ, ಅಂದರೆ ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳ ಗುಂಪಿನ, ದೇಶ. ಭಾರತದ ಪಾಸ್‌ಪೋರ್ಟ್ ಹಿಡಿದವರು ಸ್ಕಿಪೋಲ್ ವಿಮಾನನಿಲ್ದಾಣದ ಪಾಸ್‌ಪೋರ್ಟ್ ತಪಾಸಣೆ ದಾಟಬೇಕಾದರೆ ಶೆಂಗೆನ್ ವೀಸಾ ಬೇಕೇ ಬೇಕು, ಅದು ಮೂರು ಗಂಟೆಗಾದರೂ ಸರಿ, ಮೂರು ವಾರಕ್ಕಾದರೂ ಸರಿ. ಈ ಗೊಂದಲಕ್ಕೆ ಕಾರಣವಿದೆ. ಅಮೆರಿಕದ ವೀಸಾ ಇದ್ದವರಿಗೆ ರಿಯಾಯಿತಿ ಕೊಡುವ ದೇಶಗಳು ಕೆಲವು ಇವೆ, ಅಲ್ಲಿ ಹೋಗಿಬಂದವರ ಅನುಭವ ಬಾಯಿಂದ ಬಾಯಿಗೆ ದಾಟಿ ಎಲ್ಲ ದೇಶಕ್ಕೂ ಅಂಟಿಕೊಂಡಿದೆ. ಜೊತೆಗೆ, ಸ್ಕಿಪೋಲ್‌ನಲ್ಲಿ ನಿಲ್ದಾಣದ ಒಳಗೇ ವಿಮಾನ ಬದಲಿಸಲು ಭಾರತೀಯರಿಗೆ ವೀಸಾ ಬೇಕಾಗಿಲ್ಲ. ‘ವೀಸಾ ಬೇಡ’ ಎಂದು ಯಾರೋ ಹೇಳಿದ್ದು ಇದನ್ನು. ಕೇಳಿಸಿಕೊಂಡವರಿಗೆ ‘ಹೊರಗೆ ಹೋಗಲೂ ಬೇಡ’ ಎಂದು ಕೇಳಿಸುತ್ತದೆ. ನಮ್ಮ ಗ್ರಾಹಕರಲ್ಲೇ ಒಬ್ಬ ಯುವಕ ಹೀಗೆ ನಂಬಿ, ವಸ್ತುಸಂಗ್ರಹಾಲಯದ ಟಿಕೆಟನ್ನೂ ಮುಂಗಡ ಕೊಂಡು, ತಪಾಸಣೆಯ ಗಾಜಿನ ಕಿಟಕಿಯಿಂದ ಹಿಂದಕ್ಕೆ ಬಂದ. ಯಾರೂ ಗದರಲಿಲ್ಲವಂತೆ, ‘ಇದು ಇಲ್ಲಿಗಲ್ಲ’ ಎಂದು ಪಾಸ್‌ಪೋರ್ಟನ್ನು ಮೆಲ್ಲಗೆ ಈಚೆ ತಳ್ಳಿದರಂತೆ. ಹನ್ನೊಂದು ಗಂಟೆ ಒಳಗೇ ಕುಳಿತ.

ಇನ್ನು ಎರಡನೆಯ ನಂಬಿಕೆ ನಿಮ್ಮದೇ, ಮೇಡಂ: ‘ಒಂಬತ್ತು ಗಂಟೆ ಇದೆ’ ಎಂಬುದು. ಟಿಕೆಟ್ಟಿನಲ್ಲಿ ಒಂಬತ್ತು ಇದೆ, ನಿಮ್ಮ ಕೈಗೆ ಸಿಗುವುದು ಎಷ್ಟೆಂದು ಲೆಕ್ಕ ಹಾಕೋಣ. ಎಂಟಕ್ಕೆ ಇಳಿದ ವಿಮಾನದ ಬಾಗಿಲು ತೆರೆದು, ಆ ಉದ್ದನೆಯ ಹಾದಿಗಳಲ್ಲಿ ನಡೆದು, ಪಾಸ್‌ಪೋರ್ಟ್ ಸಾಲಿನಲ್ಲಿ ನಿಂತು ಹೊರಬರುವಾಗ ಒಂಬತ್ತೂವರೆ. ಯುರೋಪಿನ ಹೊಸ ಪ್ರವೇಶ-ನಿರ್ಗಮನ ವ್ಯವಸ್ಥೆ 2025ರ ಅಕ್ಟೋಬರ್ 12ರಿಂದ ಹಂತ ಹಂತವಾಗಿ ಬಂದಿದೆ. ಹಿಂದೆ ಠಸ್ಸೆ ಒತ್ತಿ ಕಳಿಸುತ್ತಿದ್ದಲ್ಲಿ ಈಗ ಮುಖದ ಚಿತ್ರ ತೆಗೆದು ಕಂಪ್ಯೂಟರಿಗೆ ದಾಖಲಿಸುತ್ತಾರೆ, ಮೊದಲ ಸಲ ಬಂದವರಿಗೆ ಇನ್ನಷ್ಟು ಹೊತ್ತು ಹಿಡಿಯುತ್ತದೆ. ಅಲ್ಲಿಂದ ಊರೊಳಗೆ ಮುಕ್ಕಾಲು ಗಂಟೆ ಎನ್ನಿ. ವಾಪಸಿನ ಕಡೆಯಿಂದ ನೋಡಿದರೆ, ಅಮೆರಿಕದ ವಿಮಾನಕ್ಕೆ ಮೂರು ಗಂಟೆ ಮೊದಲು ನೀವು ನಿಲ್ದಾಣದೊಳಗಿರಬೇಕು: ಭದ್ರತಾ ತಪಾಸಣೆ ಮತ್ತೆ, ಪಾಸ್‌ಪೋರ್ಟ್ ಮತ್ತೆ, ಅದರ ಮೇಲೆ ಅಮೆರಿಕಕ್ಕೆ ಹೋಗುವವರಿಗೆ ಬೇರೆಯದೇ ಪ್ರಶ್ನೋತ್ತರ. ಹಾಗಾದರೆ ಹತ್ತೂಕಾಲಿಗೆ ಊರು ತಲುಪಿ ಒಂದೂಕಾಲಿಗೆ ಹೊರಡಬೇಕು. ಮೂರು ಗಂಟೆ. ಅದೂ ರಾತ್ರಿಯಿಡೀ ಕುಳಿತೇ ಬಂದ ದೇಹಕ್ಕೆ. ನವೆಂಬರಿನಲ್ಲಿ ಅಲ್ಲಿಗೂ ನಮಗೂ ನಾಲ್ಕೂವರೆ ಗಂಟೆ ವ್ಯತ್ಯಾಸ. ಅವರ ಹತ್ತೂವರೆ ಎಂದರೆ ನಿಮ್ಮ ಮೊಣಕಾಲಿಗೆ ಮಧ್ಯಾಹ್ನ ಮೂರು.

ಮೂರು ಗಂಟೆ ಕಡಿಮೆ ಎಂದು ನಾನು ಹೇಳುತ್ತಿಲ್ಲ. ಒಂದು ಚಿತ್ರಕ್ಕೆ ಅದು ಸಾಕು. ಆದರೆ ಅದರ ಬೆಲೆ ತಿಳಿದಿರಲಿ. ಶೆಂಗೆನ್ ವೀಸಾ ಶುಲ್ಕ 2024ರ ಜೂನ್‌ನಿಂದ 90 ಯೂರೊ, ರೂಪಾಯಿ ಲೆಕ್ಕದಲ್ಲಿ ಒಂಬತ್ತು ಸಾವಿರದ ಮೇಲೆಯೇ. ಅರ್ಜಿ ಕೇಂದ್ರದ ಸೇವಾಶುಲ್ಕ ಬೇರೆ, 30,000 ಯೂರೊ ವೈದ್ಯಕೀಯ ವೆಚ್ಚ ಭರಿಸುವ ಪ್ರಯಾಣ ವಿಮೆ ಬೇರೆ, ಬೆರಳಚ್ಚು ಕೊಡಲು ದಾವಣಗೆರೆಯಿಂದ ಬೆಂಗಳೂರಿಗೆ ಬರುವ ಖರ್ಚು ಬೇರೆ. ಬೆಂಗಳೂರಿನಿಂದಲೇ ವಿಮಾನ ಎರಡು ಗಂಟೆ ತಡವಾಗಿ ಹೊರಟರೆ ಅಷ್ಟೂ ನೀರಿನಲ್ಲಿ ಹೋಮ.

ಅದಕ್ಕಿಂತ ದೊಡ್ಡ ಅಪಾಯ ಸಂಜೆಯ ವಿಮಾನ ತಪ್ಪುವುದು. ಒಂದೇ ಟಿಕೆಟ್ಟಿನಲ್ಲಿ ಬೆಂಗಳೂರಿನ ವಿಮಾನ ತಡವಾಗಿ ಬಂದು ಮುಂದಿನದು ತಪ್ಪಿದರೆ ಬೇರೆ ವಿಮಾನ ಹತ್ತಿಸುವುದು ವಿಮಾನಯಾನ ಸಂಸ್ಥೆಯ ಹೊಣೆ. ನೀವು ಊರು ನೋಡಲು ಹೋಗಿ ತಪ್ಪಿಸಿಕೊಂಡರೆ ಹೊಣೆ ನಿಮ್ಮದು. ಸಾಮಾನ್ಯವಾಗಿ ಆ ಟಿಕೆಟ್ಟಿನ ಉಳಿದ ಪ್ರಯಾಣವೂ, ಏಪ್ರಿಲ್ ವಾಪಸಾತಿ ಸಮೇತ, ರದ್ದಾಗುತ್ತದೆ. ‘ಪೆಟ್ಟಿಗೆ ವಿಮಾನದಲ್ಲಿದೆಯಲ್ಲ, ಕಾಯುತ್ತಾರೆ’ ಎಂದು ಬಹಳ ಜನ ನಂಬಿದ್ದಾರೆ. ಕಾಯುವುದಿಲ್ಲ. ನಿಮ್ಮ ಪೆಟ್ಟಿಗೆಯನ್ನು ಹುಡುಕಿ ಕೆಳಗಿಳಿಸಿ ಹೊರಡುತ್ತಾರೆ. ಪ್ರಯಾಣಿಕನಿಲ್ಲದೆ ಅವನ ಪೆಟ್ಟಿಗೆ ಹಾರಬಾರದೆಂಬ ಈ ಬಿಗಿ ನಿಯಮದ ಹಿಂದೆ ನಮ್ಮದೇ ದುರಂತವಿದೆ: 1985ರ ಜೂನ್ 23ರಂದು ಏರ್ ಇಂಡಿಯಾದ ‘ಕನಿಷ್ಕ’ ವಿಮಾನ ಸ್ಫೋಟಿಸಿದ್ದು, ಹತ್ತದೇ ಉಳಿದವನೊಬ್ಬನ ಪೆಟ್ಟಿಗೆಯಿಂದ.

ಈಗ ಭಾವನವರ ಭಯ. ಇದನ್ನು ಪೂರ್ತಿ ತಳ್ಳಿಹಾಕುವುದಿಲ್ಲ, ಆದರೆ ಅವರು ಹೆದರುತ್ತಿರುವುದು ಬೇರೆಯದಕ್ಕೆ, ಅಲ್ಲಿ ಎಚ್ಚರ ಬೇಕಾಗಿರುವುದು ಬೇರೆಯದಕ್ಕೆ. ಕೆಂಪು ದೀಪದ ಬೀದಿ ಎಂದು ಹೆಸರಾದ ಪ್ರದೇಶ ಕೇಂದ್ರ ರೈಲು ನಿಲ್ದಾಣದ ಹತ್ತಿರವಿದೆ. ನಿಮ್ಮ ದಾರಿಯಲ್ಲಿ ಇಲ್ಲ. ಹಾಡಹಗಲಲ್ಲಿ ವಸ್ತುಸಂಗ್ರಹಾಲಯಗಳ ಬೀದಿಯಲ್ಲಿ ಒಬ್ಬರೇ ನಡೆಯುವ ಅರುವತ್ತು, ಎಪ್ಪತ್ತರ ಹೆಂಗಸರು ಅಲ್ಲಿ ಬೇಕಾದಷ್ಟು. ನಾನು ಹೆದರುವುದು ಸೈಕಲ್ಲಿಗೆ. ಪಾದಚಾರಿ ಹಾದಿಯ ಪಕ್ಕದಲ್ಲೇ, ಅದೇ ಎತ್ತರದಲ್ಲಿ, ಕೆಂಪು ಬಣ್ಣದ ಪಟ್ಟಿಯೊಂದು ಸಾಗುತ್ತದೆ. ನಮ್ಮ ಕಣ್ಣಿಗೆ ಅದು ಚೆಂದದ ಫುಟ್‌ಪಾತ್. ಫೋಟೊ ತೆಗೆಯಲು ನೀವು ಅದರ ಮೇಲೆ ನಿಂತಿರಿ ಎನ್ನಿ, ಹಿಂದಿನಿಂದ ಗಂಟೆ ‘ಟ್ರಿಣ್’ ಎನ್ನುವಷ್ಟರಲ್ಲಿ ಸೈಕಲ್ ಮೈಮೇಲೆ. ಅವರು ನಿಧಾನಿಸುವುದಿಲ್ಲ, ಅದು ಅವರ ರಸ್ತೆ. ನಮ್ಮಲ್ಲಿ ರಸ್ತೆ ದಾಟುವಾಗ ಬಲಕ್ಕೆ ಮೊದಲು ನೋಡುವ ಅಭ್ಯಾಸ. ಅಲ್ಲಿ ವಾಹನ ಬರುವುದು ಎಡದಿಂದ. ಸೈಕಲ್ ಪಟ್ಟಿ, ಕಾರು, ಟ್ರಾಮ್, ಮತ್ತೆ ಸೈಕಲ್ ಪಟ್ಟಿ: ಒಂದೇ ಬೀದಿಯನ್ನು ನಾಲ್ಕು ಸಲ ದಾಟಿದ ಹಾಗೆ.

ಎರಡನೆಯದು ಕಿಸೆಗಳ್ಳರು. ಸ್ಕಿಪೋಲ್ ರೈಲಿನಲ್ಲಿ ಒಂದು ಹಳೆಯ ತಂತ್ರವಿದೆ. ರೈಲು ಹೊರಡುವ ಮುನ್ನ ಪ್ಲಾಟ್‌ಫಾರ್ಮಿನಿಂದ ಒಬ್ಬ ಕಿಟಕಿ ತಟ್ಟಿ ಏನೋ ಕೇಳುತ್ತಾನೆ. ನೀವು ಆ ಕಡೆ ತಿರುಗಿದಾಗ ಅವನ ಜೊತೆಗಾರ ಪಕ್ಕದ ಸೀಟಿನ ಚೀಲ ಎತ್ತಿಕೊಂಡು ಇಳಿದಿರುತ್ತಾನೆ. ಪಾಸ್‌ಪೋರ್ಟ್ ಆ ಚೀಲದಲ್ಲಿದ್ದರೆ ಬಾಸ್ಟನ್ ಅಲ್ಲಿಗೇ ನಿಂತಿತು. ನೆದರ್‌ಲ್ಯಾಂಡ್ಸ್‌ನಲ್ಲಿ ಗುರುತಿನ ದಾಖಲೆ ಕೇಳಿದರೆ ತೋರಿಸಬೇಕೆಂಬ ಕಾನೂನು 2005ರಿಂದ ಇದೆ, ಹಾಗಾಗಿ ಪಾಸ್‌ಪೋರ್ಟನ್ನು ಜೊತೆಗೇ ಒಯ್ಯಬೇಕು. ಕೋಟಿನ ಒಳಗೆ ಕೊರಳಿಗೆ ಹಾಕುವ ಚಿಕ್ಕ ಚೀಲ ಹೊಲಿಸಿಕೊಳ್ಳಿ. ‘ಪೊಲೀಸ್’ ಎಂದು ಹೇಳಿ ಪರ್ಸ್ ಅಥವಾ ಬ್ಯಾಂಕ್ ಕಾರ್ಡ್ ಕೇಳುವವನು ಪೊಲೀಸನಲ್ಲ. ತುರ್ತಿಗೆ ಸಂಖ್ಯೆ 112.

ಮತ್ತೊಂದು, ಇದನ್ನು ನಗುತ್ತಲೇ ಹೇಳುತ್ತೇನೆ: ಅಲ್ಲಿ ಬೋರ್ಡಿನಲ್ಲಿ ‘ಕಾಫಿ ಶಾಪ್’ ಎಂದಿದ್ದರೆ ಅಲ್ಲಿ ಮಾರುವುದು ಗಾಂಜಾ. ಕಾಫಿ ಬೇಕಿದ್ದರೆ ‘ಕೆಫೆ’ಗೆ ಹೋಗಿ. ಶಿವಮೊಗ್ಗದ ದಂಪತಿ ಫಿಲ್ಟರ್ ಕಾಫಿ ಕೇಳಲು ಹೋಗಿ, ಹೊಗೆಗೆ ತಲೆ ಸುತ್ತಿ, ಕ್ಷಮೆ ಕೇಳಿ ಹೊರಬಂದದ್ದನ್ನು ನನ್ನೆದುರು ಕುಳಿತೇ ಹೇಳಿದ್ದಾರೆ.

ಗಾಲಿಕುರ್ಚಿಯ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಹಿರಿಯರಿಗೆ ಮಕ್ಕಳು ಗಾಲಿಕುರ್ಚಿ ಹೇಳಿಡುವುದು ಮುಕ್ಕಾಲು ಪಾಲು ಕಾಲಿಗಾಗಿ ಅಲ್ಲ, ಭಾಷೆಗಾಗಿ. ಅಮ್ಮ ದಾರಿ ತಪ್ಪಬಾರದು, ಅಷ್ಟೇ. ಯುರೋಪಿನ ನಿಲ್ದಾಣಗಳಲ್ಲಿ ಈ ನೆರವು ಉಚಿತ. ಆದರೆ ಅದು ಒಂದು ಕೈಯಿಂದ ಇನ್ನೊಂದು ಕೈಗೆ ಒಪ್ಪಿಸುವ ವ್ಯವಸ್ಥೆ: ವಿಮಾನದ ಬಾಗಿಲಲ್ಲಿ ಎತ್ತಿಕೊಂಡವರು ನಿಮ್ಮನ್ನು ನೆರವು ಪಡೆಯುವವರ ಕಾಯುವ ಜಾಗಕ್ಕೆ ತಂದು ಕೂರಿಸುತ್ತಾರೆ, ಸಂಜೆಯ ವಿಮಾನದ ಹೊತ್ತಿಗೆ ಇನ್ನೊಬ್ಬರು ಬರುತ್ತಾರೆ. ನಡುವೆ ಊರಿಗೆ ಹೋಗಿಬರುತ್ತೇನೆ ಎನ್ನುವುದು ಆ ಸರಪಳಿಯನ್ನು ಕಡಿದ ಹಾಗೆ. ಹೇಳಿ ಹೋಗಬಹುದು, ತಡೆಯುವುದಿಲ್ಲ. ಆದರೆ ಅಲ್ಲಿಂದ ನೀವು ನಿಮ್ಮ ಕಾಲ ಮೇಲೆ. ಹಾಗಾಗಿ ಒಂದು ಪ್ರಶ್ನೆಗೆ ನೀವೇ ಪ್ರಾಮಾಣಿಕವಾಗಿ ಉತ್ತರಿಸಿಕೊಳ್ಳಿ: ದಾವಣಗೆರೆಯ ಬಸ್ ನಿಲ್ದಾಣದಿಂದ ನಿಮ್ಮ ಮನೆಗೆ ನಡೆದು ಬರುತ್ತೀರಾ, ಆಟೊ ಹಿಡಿಯುತ್ತೀರಾ? ಆಟೊ ಎಂದಾದರೆ ಹೋಗುವ ಪ್ರಯಾಣದಲ್ಲಿ ಊರಿಗೆ ಹೋಗುವ ಯೋಚನೆ ಬಿಡಿ.

ನಿಮ್ಮ ಜಾಗದಲ್ಲಿ ನನ್ನ ತಾಯಿ ಇದ್ದಿದ್ದರೆ ನಾನು ಹೀಗೆ ಮಾಡುತ್ತಿದ್ದೆ. ನವೆಂಬರಿನಲ್ಲಿ ಹೊರಗೆ ಕಳಿಸುತ್ತಿರಲಿಲ್ಲ; ಆ ಒಂಬತ್ತು ಗಂಟೆಯ ಬದಲು ಮೂರು–ನಾಲ್ಕು ಗಂಟೆ ಅಂತರದ ವಿಮಾನ ಹುಡುಕುತ್ತಿದ್ದೆ. ಏಪ್ರಿಲ್ ವಾಪಸಾತಿಯನ್ನು ಒಡೆದು ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಒಂದು ರಾತ್ರಿ ಇಡುತ್ತಿದ್ದೆ. ಕಾರಣ ಸರಳ. ಬರುವಾಗ ಮುಂದೆ ಕಾಯುತ್ತಿರುವುದು ಅಮೆರಿಕದ ವಲಸೆ ಅಧಿಕಾರಿಯಲ್ಲ, ನಿಮ್ಮ ಮನೆ. ಬಾಸ್ಟನ್‌ನಿಂದ ರಾತ್ರಿ ಹೊರಟ ವಿಮಾನ ಬೆಳಿಗ್ಗೆ ಇಳಿಸುತ್ತದೆ. ಹೋಟೆಲಿನಲ್ಲಿ ಚೀಲವಿಟ್ಟು, ಸಾಧ್ಯವಾದರೆ ಒಂದು ನಿದ್ದೆ ತೆಗೆದು, ಮಧ್ಯಾಹ್ನ ರೆಂಬ್ರಾಂಟನ ಮುಂದೆ ನಿಲ್ಲಬಹುದು. ಏಪ್ರಿಲ್ ಮೂರನೇ ವಾರ ಎಂದರೆ ಟ್ಯುಲಿಪ್ ಕಾಲವೂ ಹೌದು.

ಇದಕ್ಕೂ ತೊಡಕುಗಳಿವೆ. ಟಿಕೆಟ್ ಭಾಷೆಯಲ್ಲಿ 24 ಗಂಟೆಯೊಳಗಿನ ತಂಗುವಿಕೆ ಬರೀ ವಿಮಾನ ಬದಲಾವಣೆ. 24 ದಾಟಿದರೆ ‘ಸ್ಟಾಪ್‌ಓವರ್’. ದಾಟಿದೊಡನೆ ದರದ ನಿಯಮ ಬೇರೆಯಾಗಬಹುದು, ನಿಮ್ಮ ಎರಡು ದೊಡ್ಡ ಪೆಟ್ಟಿಗೆಗಳೂ ಆಮ್‌ಸ್ಟರ್‌ಡ್ಯಾಮ್‌ನಲ್ಲೇ ಕೈಗೆ ಬರುತ್ತವೆ. ಅವನ್ನು ಊರೊಳಗೆ ಎಳೆದಾಡಬೇಡಿ, ನಿಲ್ದಾಣದಲ್ಲೇ ಸಾಮಾನು ಇಡುವ ಲಾಕರ್‌ಗಳಿವೆ. ಮರುದಿನದ ವಿಮಾನ 24 ಗಂಟೆಯೊಳಗೇ ಸಿಕ್ಕರೆ ಪೆಟ್ಟಿಗೆ ನೇರ ಬೆಂಗಳೂರಿಗೆ. ಚೆಕ್-ಇನ್ ಕೌಂಟರಿನಲ್ಲಿ ಕೇಳಿ ಖಚಿತಪಡಿಸಿಕೊಳ್ಳಿ. ಹೂವಿನ ಕಾಲದಲ್ಲಿ ಹೋಟೆಲ್ ದುಬಾರಿ, ಅದರ ಮೇಲೆ ಊರಿನ ಪ್ರವಾಸಿ ತೆರಿಗೆ ಶೇ 12.5. ವಾಪಸಾತಿ ಏಪ್ರಿಲ್ 27ಕ್ಕೆ ಜಾರದಂತೆ ನೋಡಿಕೊಳ್ಳಿ. ಅಂದು ಅವರ ರಾಜನ ದಿನ, ಊರಿಗೆ ಊರೇ ಕಿತ್ತಳೆ ಬಟ್ಟೆ ತೊಟ್ಟು ಬೀದಿಯಲ್ಲಿರುತ್ತದೆ. ಮೊಣಕಾಲು ನೋವಿನವರ ಜಾತ್ರೆ ಅದಲ್ಲ.

ವೀಸಾದ ಸೂಕ್ಷ್ಮ ಇಲ್ಲಿದೆ. ಶೆಂಗೆನ್ ಅರ್ಜಿಯನ್ನು ಪ್ರವಾಸಕ್ಕೆ ಆರು ತಿಂಗಳಿಗಿಂತ ಮೊದಲು ಹಾಕುವಂತಿಲ್ಲ. ಏಪ್ರಿಲ್ 20ಕ್ಕೆ ಹೋಗುವವರು ಅಕ್ಟೋಬರ್ 20ರ ನಂತರವೇ ಹಾಕಬೇಕು. ನಿರ್ಧಾರಕ್ಕೆ ಸಾಮಾನ್ಯ ಗಡುವು 15 ದಿನ, ಕೆಲವೊಮ್ಮೆ 45ರವರೆಗೂ ಎಳೆಯಬಹುದು. ಅಷ್ಟು ದಿನ ಪಾಸ್‌ಪೋರ್ಟ್ ಅವರ ಬಳಿ. ನಿಮ್ಮ ಬಾಸ್ಟನ್ ಪ್ರಯಾಣವೋ ನವೆಂಬರ್ ಎರಡನೇ ವಾರ. ನಾನಾದರೆ ಇಷ್ಟು ಬಿಗಿಯಾಗಿ ಹೆಣೆಯುವುದಿಲ್ಲ, ಹೊರಡುವುದನ್ನೇ ನವೆಂಬರ್ ಕೊನೆಗೆ ತಳ್ಳುತ್ತೇನೆ. ಅಮೆರಿಕಕ್ಕೆ ಹೋಗಿ ಅಲ್ಲಿಂದ ಹಾಕಿದರಾಯಿತು ಎಂದುಕೊಳ್ಳಬೇಡಿ. ಅರ್ಜಿ ಹಾಕಬೇಕಾದದ್ದು ವಾಸವಿರುವ ದೇಶದಲ್ಲಿ. ಭೇಟಿಗೆಂದು ಹೋದವರ ಅರ್ಜಿಯನ್ನು ಅಲ್ಲಿ ತೆಗೆದುಕೊಳ್ಳುವುದು ಅಪರೂಪ.

ಹೋಗುವಾಗ ಮೂರು ಗಂಟೆ, ಬರುವಾಗ ಒಂದು ರಾತ್ರಿ ಎರಡೂ ಬೇಕೆಂದರೆ ಒಂದೇ ಅರ್ಜಿಯಲ್ಲಿ ಎರಡು ಪ್ರವೇಶ ಕೇಳಬೇಕು. ಆಗ ಆರು ತಿಂಗಳ ಲೆಕ್ಕ ಮೊದಲ ಭೇಟಿಯಿಂದ, ಬೇಗನೇ ಹಾಕಬಹುದು. ಆದರೆ ಕೇಳಿದ್ದೆಲ್ಲ ಕೊಡುವುದಿಲ್ಲ. ಮೊದಲ ಸಲದವರಿಗೆ ಅಳೆದು ತೂಗಿ ಒಂದೇ ಪ್ರವೇಶ ಕೊಟ್ಟದ್ದನ್ನು ಬಹಳ ನೋಡಿದ್ದೇನೆ. ಒಂದೇ ಪ್ರವೇಶದ ವೀಸಾ ಸಿಕ್ಕು, ನವೆಂಬರಿನಲ್ಲಿ ಮೂರು ಗಂಟೆಗೆಂದು ಹೊರಗೆ ಕಾಲಿಟ್ಟಿರೋ, ಏಪ್ರಿಲ್ಲಿನದು ಹೋಯಿತು. ಒಳಗೇ ಕುಳಿತು ವಿಮಾನ ಬದಲಿಸಿದರೆ ಮಾತ್ರ ಅದು ಬಳಕೆಯಾದಂತೆ ಆಗುವುದಿಲ್ಲ.

ಹೊರಗೆ ಹೋದಾಗಿನ ದಾರಿ ಹೇಳಿಬಿಡುತ್ತೇನೆ. ಎಲ್ಲರೂ ರೈಲು ಹಿಡಿಯಿರಿ ಎನ್ನುತ್ತಾರೆ. ವಿಮಾನನಿಲ್ದಾಣದ ಕೆಳಗೇ ರೈಲಿದೆ, ಊರಿನ ಕೇಂದ್ರ ರೈಲು ನಿಲ್ದಾಣಕ್ಕೆ ಕಾಲು ಗಂಟೆ. ಆದರೆ ಅಲ್ಲಿಂದ ಟ್ರಾಮ್ ಬದಲಿಸಬೇಕು. ನಿಮಗೆ 397 ಸಂಖ್ಯೆಯ ಬಸ್ ಮೇಲು. ವಿಮಾನನಿಲ್ದಾಣದ ಹೊರಗಿನಿಂದ ಹೊರಟು ವಸ್ತುಸಂಗ್ರಹಾಲಯಗಳ ಚೌಕದ ಬಳಿಯೇ ಇಳಿಸುತ್ತದೆ. ಹತ್ತುವಾಗ ಬ್ಯಾಂಕ್ ಕಾರ್ಡನ್ನು ಯಂತ್ರಕ್ಕೆ ತೋರಿಸಬೇಕು, ಇಳಿಯುವಾಗ ಮರೆಯದೆ ಮತ್ತೆ ತೋರಿಸಬೇಕು. ಮರೆತರೆ ಹೆಚ್ಚಿನ ಹಣ ಕತ್ತರಿಸಿಕೊಳ್ಳುತ್ತದೆ. ಹೊರಡುವ ಮುನ್ನ ಬ್ಯಾಂಕಿನ ಆ್ಯಪ್‌ನಲ್ಲಿ ವಿದೇಶಿ ಬಳಕೆ ಮತ್ತು ತಟ್ಟಿ ಪಾವತಿಸುವ ಸೌಲಭ್ಯ ಎರಡನ್ನೂ ತೆರೆದಿಡಿ. ‘ವೀಸಾ’ ಅಥವಾ ‘ಮಾಸ್ಟರ್‌ಕಾರ್ಡ್’ ಹೆಸರಿನ ಬ್ಯಾಂಕ್ ಕಾರ್ಡ್ ಇರಲಿ, ರುಪೇ ನೆಚ್ಚಬೇಡಿ. ನೋಟು ತೆಗೆದುಕೊಳ್ಳದ ಅಂಗಡಿಗಳೂ ಅಲ್ಲಿ ಸಾಕಷ್ಟಿವೆ. ವಾಪಸಿಗೆ ರೈಲು ಹಿಡಿದರೆ ನಿದ್ದೆ ಮಾಡಬೇಡಿ: ನಾನೊಮ್ಮೆ ಕಣ್ಣು ಮುಚ್ಚಿ ಸ್ಕಿಪೋಲ್ ದಾಟಿ ಲೈಡನ್‌ನಲ್ಲಿ ಎದ್ದವನು. ಅಂದ ಹಾಗೆ, ಆ ವಿಮಾನನಿಲ್ದಾಣ ಇರುವುದು ಸರೋವರದ ತಳದಲ್ಲಿ. 1852ರಲ್ಲಿ ಉಗಿಯಂತ್ರಗಳಿಂದ ನೀರೆತ್ತಿ ಬತ್ತಿಸಿದ ಹಾರ್ಲೆಮರ್‌ಮೇರ್ ಅದು, ಸಮುದ್ರಮಟ್ಟಕ್ಕಿಂತ ಕೆಳಗಿದೆ.

ನೀವು ರೆಂಬ್ರಾಂಟನನ್ನು ನೋಡಬೇಕಾದ ವಸ್ತುಸಂಗ್ರಹಾಲಯ ರೈಕ್ಸ್ ಮ್ಯೂಸಿಯಂ, ಬೆಳಿಗ್ಗೆ 9ರಿಂದ ಸಂಜೆ 5. ಟಿಕೆಟ್‌ಗೆ ಗಂಟೆ ಗೊತ್ತುಮಾಡಿ ಮುಂಗಡ ಕೊಳ್ಳಿ. ಅವನ ಪ್ರಸಿದ್ಧ ಚಿತ್ರ ‘ನೈಟ್ ವಾಚ್’ ಇರುವುದು ಮಧ್ಯದ ದೊಡ್ಡ ಹಜಾರದ ತುದಿಯಲ್ಲಿ. 1642ರ ಚಿತ್ರ, ಸುಮಾರು 3.8 ಮೀಟರ್ ಎತ್ತರ, 4.5 ಮೀಟರ್ ಅಗಲ. ಪುಸ್ತಕದ ಅಂಗೈ ಅಗಲದ ಪಡಿಯಚ್ಚು ನೋಡಿದವರಿಗೆ ಮೊದಲು ಉಸಿರು ನಿಲ್ಲುವುದು ಗಾತ್ರಕ್ಕೆ. 1715ರಲ್ಲಿ ಅದನ್ನು ಪುರಭವನದ ಗೋಡೆಗೆ ಹೊಂದಿಸಲು ಅಂಚುಗಳನ್ನೇ ಕತ್ತರಿಸಿದರು ಎಂಬುದು ನಿಮಗೆ ಗೊತ್ತಿರಬಹುದು. 2019ರಿಂದ ಅದರ ಅಧ್ಯಯನ, ಸಂರಕ್ಷಣೆಯ ಕೆಲಸ ಗಾಜಿನ ಕೋಣೆಯೊಳಗೆ ನೋಡುಗರ ಎದುರೇ ನಡೆದಿದೆ, ಆದ್ದರಿಂದ ನಡುವೆ ಗಾಜು, ಕೆಲವೊಮ್ಮೆ ಕೆಲಸದ ಉಪಕರಣ ಕಂಡರೆ ಬೇಸರಿಸಬೇಡಿ. ರೆಂಬ್ರಾಂಟ್ ಮೊಘಲ್ ಕಿರುಚಿತ್ರಗಳನ್ನು ಎದುರಿಗಿಟ್ಟುಕೊಂಡು ನಕಲು ಬರೆದಿದ್ದ ಎಂಬುದನ್ನು ಮಕ್ಕಳಿಗೆ ಹೇಳಿದ್ದಿರೋ ಇಲ್ಲವೋ. ಚಿತ್ರಕಲೆ ಮೇಡಂಗೆ ಟಿಕೆಟ್ ಮಾರುವವನು ಇದಕ್ಕಿಂತ ಹೆಚ್ಚು ಹೇಳಬಾರದು.

ಊಟದ ಚಿಂತೆ ಬೇಡ. 1873ರಲ್ಲಿ ‘ಲಲ್ಲಾ ರೂಖ್’ ಹಡಗಿನಿಂದ ಶುರುವಾಗಿ ದಕ್ಷಿಣ ಅಮೆರಿಕದಲ್ಲಿದ್ದ ಡಚ್ಚರ ವಸಾಹತು ಸುರಿನಾಮಿಗೆ ಕೂಲಿಗಳಾಗಿ ಹೋದ ಉತ್ತರ ಭಾರತೀಯರ ಮೊಮ್ಮಕ್ಕಳು, ಮರಿಮಕ್ಕಳು ಈಗ ನೆದರ್‌ಲ್ಯಾಂಡ್ಸ್‌ನಲ್ಲಿ ‘ರೋಟಿ’ ಅಂಗಡಿ ನಡೆಸುತ್ತಾರೆ. ಮಾಂಸವಿಲ್ಲದ್ದು ಕೇಳಿದರೆ ಆಲೂಗಡ್ಡೆ, ಉದ್ದನೆಯ ಅಲಸಂದೆ ಕಾಯಿಯ ಪಲ್ಯದೊಂದಿಗೆ ಕೊಡುತ್ತಾರೆ. ಕಟ್ಟುನಿಟ್ಟಿನ ಸಸ್ಯಾಹಾರಿಯಾದರೆ ಅಲ್ಲಿನ ಚೀಸ್ ನೋಡಿ ತಿನ್ನಿ; ಎಷ್ಟೋ ಬಗೆಗಳಲ್ಲಿ ಕರುವಿನ ಜಠರದಿಂದ ತೆಗೆದ ಹೆಪ್ಪು ಇರುತ್ತದೆ. ಊರಿನಿಂದ ಮಂಡಕ್ಕಿ ಕಟ್ಟಿಕೊಳ್ಳಿ, ಬೆಣ್ಣೆ, ತುಪ್ಪ, ಮೊಸರು ಬೇಡ. ಹಾಲಿನ ಪದಾರ್ಥಗಳನ್ನು ಯುರೋಪಿನ ಒಳಗೆ ಒಯ್ಯಲು ಪ್ರಯಾಣಿಕರಿಗೆ ಅನುಮತಿಯಿಲ್ಲ.

ಸ್ಕೆಚ್ ಪುಸ್ತಕ ಖಂಡಿತ ಒಯ್ಯಿರಿ. ಆ ವಸ್ತುಸಂಗ್ರಹಾಲಯದವರೇ ‘ಫೋಟೊ ಬೇಡ, ಬರೆಯಿರಿ’ ಎಂದು ನೋಡುಗರನ್ನು ಹುರಿದುಂಬಿಸಿದವರು. ಪೆನ್ಸಿಲ್ ಮಾತ್ರ, ಶಾಯಿ, ಬಣ್ಣ ಬೇಡ. ಚಿತ್ರಕಲೆಯವರು ಪೆನ್ಸಿಲ್ ಕೆತ್ತುವುದು ಬ್ಲೇಡಿನಲ್ಲಿ ಎಂದು ಬಲ್ಲೆ. ಅದನ್ನು ಕೈಚೀಲದಿಂದ ತೆಗೆದು ದೊಡ್ಡ ಪೆಟ್ಟಿಗೆಗೆ ಹಾಕಿ, ನಾಲ್ಕು ಪೆನ್ಸಿಲ್‌ಗಳನ್ನು ಮನೆಯಲ್ಲೇ ಕೆತ್ತಿಟ್ಟುಕೊಂಡು ಹೊರಡಿ.